ಮೂರು ವರ್ಷ ಬಳಸಿದ ಲೀಬ್ ಮಾಪಕ: ಪರದೆಯ ರಾಕ್‌ವೆಲ್ ಅಂಕಿಯನ್ನು ಎಷ್ಟು ನಂಬಬಹುದು?

ಮಂಡ್ಯದಲ್ಲಿ ನಮ್ಮದು ನಾಲ್ಕು ಲೇತ್‌ಗಳ ವರ್ಕ್‌ಶಾಪ್. ಆಲೆಮನೆ ಗಾಣಗಳಿಗೆ ಶಾಫ್ಟ್, ಪಿನಿಯನ್ (ಸಣ್ಣ ಹಲ್ಲುಚಕ್ರ) ಮಾಡಿಕೊಡುತ್ತೇವೆ. ಗಡಸುತನ ನೋಡಿಸಲು ಪ್ರತಿ ಸಲವೂ ಮೈಸೂರಿಗೆ ಓಡಿ ಸಾಕಾಗಿ, ಕೈಯಲ್ಲಿ ಹಿಡಿಯುವ ಲೀಬ್ ಮಾಪಕ ಕೊಂಡೆ. ಅದರ 3 ಮಿ.ಮೀ. ಕಾರ್ಬೈಡ್ ಗುಂಡು ಲೋಹಕ್ಕೆ ಬಡಿದು ಪುಟಿಯುತ್ತದೆ. ಪುಟಿದ ವೇಗವನ್ನು ಬಡಿದ ವೇಗದಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಲೀಬ್ ಅಂಕಿ. ಉಪಕರಣ ಅಳೆಯುವುದು ಅಷ್ಟನ್ನೇ. ಬ್ರಿನೆಲ್, ರಾಕ್‌ವೆಲ್, ವಿಕರ್ಸ್ ಎಂದು ಗಡಸುತನದ ಬೇರೆ ಮಾಪನಗಳಲ್ಲಿ ಪರದೆಯಲ್ಲಿ ಮೂಡುವುದೆಲ್ಲ ಒಳಗಿನ ಕೋಷ್ಟಕದ ಲೆಕ್ಕ.

ಇದು ಅರ್ಥವಾಗಿದ್ದು ಕೈ ಸುಟ್ಟುಕೊಂಡ ಮೇಲೆ. ಒಂದೂವರೆ ಕಿಲೋ ತೂಕದ ಹನ್ನೆರಡು ಪಿನಿಯನ್‌ಗಳಿಗೆ ರಾಕ್‌ವೆಲ್ ಸಿ (ಗಟ್ಟಿ ಉಕ್ಕಿನ ಮಾಪನ) 50 ಬೇಕಿತ್ತು. ಪರದೆ 43, 44 ಎನ್ನುತ್ತಿತ್ತು. ನಮ್ಮ ಹಿರಿಯ ಟರ್ನರ್ ಅಂಚಿಗೆ ಅರ ಉಜ್ಜಿ, "ಸುಲಭಕ್ಕೆ ಕಚ್ಚುತ್ತಿಲ್ಲ ಸ್ವಾಮಿ, ಇನ್ನೊಮ್ಮೆ ಕಾಯಿಸಬೇಡಿ" ಎಂದರು. ಸಾವಿರಾರು ರೂಪಾಯಿಯ ಯಂತ್ರದ ಮುಂದೆ ಅರದ ಮಾತೇನು ಎಂದುಕೊಂಡು ಹನ್ನೊಂದನ್ನು ಮತ್ತೆ ಹಾರ್ಡನಿಂಗ್‌ಗೆ ಕಳಿಸಿದೆ. ಅವುಗಳಲ್ಲಿ ಎರಡು ಪಿನಿಯನ್, ಹಲ್ಲಿನ ಬುಡದಲ್ಲಿ ಸೀಳಿ ಬಂದವು. ಕಳಿಸದೆ ಉಳಿಸಿಕೊಂಡಿದ್ದ ಒಂದನ್ನು ಮೈಸೂರಿನಲ್ಲಿ ನಿಜವಾದ ರಾಕ್‌ವೆಲ್ ಯಂತ್ರಕ್ಕೆ ಹಾಕಿಸಿದರೆ 51!

ಹಗುರ ಬಿಡಿಭಾಗ ಗುಂಡಿನ ಹೊಡೆತಕ್ಕೆ ತಾನೇ ಅದುರುತ್ತದೆ, ಅಂಕಿ ಇಳಿಯುತ್ತದೆ. ಐದು ಕಿಲೋ ದಾಟಿದ್ದು ಹಾಗೆಯೇ ನಿಲ್ಲುತ್ತದೆ. ಎರಡರಿಂದ ಐದು ಕಿಲೋ ಇದ್ದರೆ ಭದ್ರ ಆಸರೆ ಬೇಕು. ಅದಕ್ಕೂ ಕಡಿಮೆಯಾದರೆ ತೆಳುವಾಗಿ ಗ್ರೀಸ್ ಸವರಿ ಭಾರದ ಪ್ಲೇಟಿಗೆ ಒತ್ತಿ ಕೂರಿಸಬೇಕು. ಕೈಪಿಡಿಯಲ್ಲಿ ಇದೆಲ್ಲ ಇತ್ತು, ಇರುವೆ ಸಾಲಿನಂಥ ಅಕ್ಷರಗಳಲ್ಲಿ.

ಲೋಹದ ಆಯ್ಕೆಯನ್ನೂ ಮರೆಯಬಾರದು. ಎರಕದ ಕಬ್ಬಿಣದ ರೋಲರನ್ನು ಉಕ್ಕಿನ ಆಯ್ಕೆಯಲ್ಲಿ ಅಳೆದರೆ ಪುಟಿತ ಅದೇ, ಕೋಷ್ಟಕ ಮಾತ್ರ ತಪ್ಪು. ಮೆದು ಉಕ್ಕಿಗೂ ಇದು ಧೈರ್ಯವಾಗಿ ಸಿ ಅಂಕಿ ತೋರಿಸುತ್ತದೆ. 20ಕ್ಕಿಂತ ಕೆಳಗೆ ಸಿ ಮಾಪನಕ್ಕೆ ಅರ್ಥವಿಲ್ಲ, ಅಲ್ಲಿ ಮೆದು ಲೋಹಕ್ಕಿರುವ ರಾಕ್‌ವೆಲ್ ಬಿ ಅಥವಾ ಬ್ರಿನೆಲ್ ನೋಡಬೇಕು.

ದೊಡ್ಡ ಶಾಫ್ಟ್‌ಗಳಿಗೆ ಮಾತ್ರ ಇದನ್ನು ಬಿಟ್ಟಿರಲಾರೆ. ಟಿ ಸ್ಥಿತಿಯ (ಕಾಯಿಸಿ ಹದಗೊಳಿಸಿದ ಒಂದು ದರ್ಜೆ) ಇಎನ್ 19 ಎಂಬ ಮಿಶ್ರಲೋಹದ ಉಕ್ಕಿಗೆ ಬ್ರಿನೆಲ್ 248ರಿಂದ 302 ಇರಬೇಕು. ಗಿರಾಕಿ ಸಿ ಅಂಕಿಯನ್ನೇ ಕೇಳಿದರೆ ಒಂದು ಮಾಪನದ ಅಂಕಿಯನ್ನು ಇನ್ನೊಂದಕ್ಕೆ ಬದಲಿಸುವ ಎಎಸ್‌ಟಿಎಂ ಇ140 ಕೋಷ್ಟಕದ ಪ್ರಕಾರ ಸುಮಾರು 24ರಿಂದ 32. ಆ 'ಸುಮಾರು' ಎಂಬ ಪದವನ್ನು ವರದಿಯಲ್ಲೂ ಬರೆಯುತ್ತೇನೆ, ಪಕ್ಕದಲ್ಲೇ ಮೂಲ ಲೀಬ್ ಅಂಕಿಯನ್ನೂ ಕೊಡುತ್ತೇನೆ.

ಬ್ಯಾಟರಿಗೆ ದೂರಿಲ್ಲ. ಎರಡನೆಯ ವರ್ಷ ಗುಂಡು ಸವೆದು ಗಡಸುತನ ಮೊದಲೇ ಗೊತ್ತಿರುವ ಪರೀಕ್ಷಾ ಬ್ಲಾಕಿನ ಅಂಕಿಯೇ ಜಾರತೊಡಗಿದಾಗ ಬದಲಿಸಿದೆ. ಐದಕ್ಕೆ ನಾಲ್ಕು ಅಂಕ. ಸಣ್ಣ ಪಿನಿಯನ್‌ಗಳನ್ನು ಈಗಲೂ ಚೀಲಕ್ಕೆ ಹಾಕಿಕೊಂಡು ಮೈಸೂರಿನ ಬಸ್ ಹತ್ತುತ್ತೇನೆ.