ಆಟೋ ಬೋರಿಂಗ್ ಹೆಡ್: ಬರೀ ಬೋರ್ ಹೊಡೆಯೋರಿಗೆ ಇದು ಬೇಡ

ಶಿವಮೊಗ್ಗದ ನಮ್ಮ ವರ್ಕ್‌ಶಾಪಿನ ಟರ್ರೆಟ್ ಮಿಲ್ಲಿಂಗ್ ಮಷಿನ್‌ಗೆ ಈ ಹೆಡ್, ಅಂದರೆ ಲೋಹದ ತೂತನ್ನು (ಬೋರ್) ಕೊರೆದು ಅಗಲಿಸುವ ಟೂಲ್ ಹಿಡಿಯುವ ತಲೆ, ಬಂದು ವರ್ಷಗಳೇ ಆದವು. ನೋಡಿದವರೆಲ್ಲ ಕೇಳುವುದು ಒಂದೇ, "ಬೋರ್ ತಾನೇ ಹೊಡ್ಕೊಳ್ಳುತ್ತಾ?" ಇಲ್ಲ. ಟೂಲ್ ಕೆಳಗಿಳಿಸುವುದು ಎಂದಿನಂತೆ ಕ್ವಿಲ್ (ಸ್ಪಿಂಡಲ್ ಹೊತ್ತು ಮೇಲೆ ಕೆಳಗೆ ಸರಿಯುವ ಕೊಳವೆ) ಫೀಡ್. ಇಲ್ಲಿ ಆಟೋ ಅಂದರೆ ಟೂಲ್ ಅಡ್ಡ ಸರಿಯುವುದು, ಅಷ್ಟೇ.

ಹೆಡ್ಡಿನ ಸುತ್ತ ಒಂದು ರಿಂಗ್ ಇರುತ್ತದೆ. ಅದು ತಿರುಗದ ಹಾಗೆ ರಾಡ್ ಕೊಟ್ಟು ಮಷಿನ್ ಬಾಡಿಗೆ ಆನಿಸಿದರೆ, ಸ್ಪಿಂಡಲ್ ತಿರುಗಿದಷ್ಟೂ ಒಳಗಿನ ಗೇರ್ ಟೂಲ್ ಹಿಡಿದ ಸ್ಲೈಡನ್ನು ಅಡ್ಡಕ್ಕೆ ತಳ್ಳುತ್ತದೆ. ನಮ್ಮದರಲ್ಲಿ ಒಂದು ರೌಂಡಿಗೆ 0.05 ಮಿಮೀ, ಅಂದರೆ 200 ಆರ್‌ಪಿಎಂನಲ್ಲಿ ನಿಮಿಷಕ್ಕೆ 10 ಮಿಮೀ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇಲ್ಲಿ ಹೊಸದೇನಲ್ಲ. ಸ್ಪಿಂಡಲ್ ನಿಂತರೆ ಫೀಡೂ ನಿಲ್ಲುತ್ತದೆ, ಜಾಬ್ ಕೆಡುವುದಿಲ್ಲ.

ದುಡ್ಡು ವಸೂಲಾಗಿದ್ದು ಅಡಿಕೆ ಸುಲಿಯುವ ಮಷಿನ್‌ಗಳ ಬೇರಿಂಗ್ ಹೌಸಿಂಗ್‌ನಲ್ಲಿ. 6206 ಬೇರಿಂಗ್ ಅಂದರೆ ಹೊರಗಿನ ಡಯಾ 62 ಮಿಮೀ. ಅದು ಜಾರದಂತೆ ತಡೆಯುವ ಸರ್ಕ್ಲಿಪ್ (ಸ್ಪ್ರಿಂಗ್ ಬಳೆ) ಕೂರುವ ಗ್ರೂವ್ 65 ಡಯಾ, ಅಗಲ 2.15 ಮಿಮೀ. ಮೊದಲು ಮಿಲ್ಲಿಂಗ್‌ನಲ್ಲಿ ಬೋರ್ ಹೊಡೆದು, ಆ ಸೊಟ್ಟ ಕಾಸ್ಟಿಂಗನ್ನು ಲೇತ್‌ನ ಫೋರ್ ಜಾ ಚಕ್‌ಗೆ ಕಟ್ಟಿ, ಡಯಲ್ ಹಿಡಿದು ಸೆಂಟರ್ ಮಾಡುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು. ಈಗ ಬೋರ್, ಫೇಸ್ (ಬೋರಿನ ಬಾಯಿ ಸುತ್ತಲಿನ ಮಟ್ಟ ಮುಖ), ಗ್ರೂವ್ ಮೂರೂ ಒಂದೇ ಸೆಟ್ಟಿಂಗ್. ಗ್ರೂವಿಗೆ ಸ್ಟಾಪ್ ಹಾಕಿ ಬಿಟ್ಟರೆ ಟೂಲ್ ಒಂದೂವರೆ ಮಿಮೀ ಒಳಹೋಗಿ ನಿಲ್ಲುತ್ತದೆ, ಸಿಕ್ಕಿಸಿದಾಗ ಸರ್ಕ್ಲಿಪ್ ಟಕ್ ಅಂತ ಕೂರುತ್ತದೆ. ಫೇಸ್ ಬೋರಿಗೆ ಪಕ್ಕಾ ರೈಟ್ ಆ್ಯಂಗಲ್, ಮೂಲೆಮಟ್ಟ ಇಟ್ಟು ನೋಡುವ ಗೋಜೇ ಇಲ್ಲ.

ಬರೀ ಬೋರಿಗೆ ಮಾತ್ರ ನಾನು ಈಗಲೂ ಸಾದಾ ಹೆಡ್ಡನ್ನೇ ಹಾಕುವುದು. 62ಕ್ಕೆ ಎಚ್7 (ತೂತಿನ ಅಳತೆಯ ಟಾಲರೆನ್ಸ್ ದರ್ಜೆ) ಅಂದರೆ ನಿಮಗಿರುವ ಜಾಗ 30 ಮೈಕ್ರಾನ್. ಈ ಆಟೋ ಹೆಡ್ ಉದ್ದ, ಭಾರ, ಆಳದ ಬೋರಿನಲ್ಲಿ ಚ್ಯಾಟರ್ (ಟೂಲಿನ ನಡುಕ) ಜಾಸ್ತಿ. ಸ್ಲೈಡ್ ಹೊರಗೆ ಹೋದಷ್ಟೂ ತೂಕ ಒಂದು ಕಡೆ ವಾಲುತ್ತದೆ, ಸ್ಪೀಡ್ ಏರಿಸಿದರೆ ಮಷಿನ್ನೇ ನಡುಗುತ್ತದೆ.

ಜೊತೆಗೆ ಕೊಟ್ಟ ಟೂಲ್ ಸೆಟ್ ಸುಮ್ನೆ ಲೆಕ್ಕಕ್ಕೆ. ಕಾರ್ಬೈಡ್ ತುದಿ ಬೆಸುಗೆಯಿಂದಲೇ ಬಿಟ್ಟುಕೊಂಡು ಬಂತು, ಮಾರಿದವರು ಫೋನ್ ಎತ್ತಲಿಲ್ಲ. ನಮ್ಮದು ಹೆಸರಿಲ್ಲದ ಮಾಲು; ಜರ್ಮನಿಯ ವೋಲ್‌ಹಾಪ್ಟರ್ ಅಥವಾ ಝೆಕ್‌ನ ನಾರೆಕ್ಸ್ ಹಳೆಯದು ಒಳ್ಳೆ ಕಂಡಿಷನ್‌ನಲ್ಲಿ ಸಿಕ್ಕರೆ ಅದನ್ನೇ ತಗೊಳ್ಳಿ ಅಂತೀನಿ.

ಬೀಡಿನ (ಕಾಸ್ಟ್ ಐರನ್) ಪುಡಿ ಎಣ್ಣೆ ಜೊತೆ ಸೇರಿದರೆ ಸಾಣೆ ಹಿಡಿದ ಹಾಗೆ ಸ್ಲೈಡ್ ಸವೆಯುತ್ತದೆ. ಕೆಲಸ ಮುಗಿದ ಕೂಡಲೇ ಒರೆಸಿ. ನಮ್ಮ ಜುಲೈ ಥಂಡಿಗೆ ಎಣ್ಣೆ ಹಚ್ಚದೆ ಇಟ್ಟರೆ ಬೆಳಗಾಗುವುದರೊಳಗೆ ಕೆಂಪು ತುಕ್ಕು. ರಿಂಗಿನ ಹತ್ತಿರ ಗ್ಲೌಸ್ ಹಾಕಿದ ಕೈ ಬೇಡವೇ ಬೇಡ.

ಸೆಕೆಂಡ್ ಹ್ಯಾಂಡ್ ನೋಡಲು ಹೋದರೆ ಒಂದು ಡಯಲ್ ಇಂಡಿಕೇಟರ್ ಜೊತೆಗಿರಲಿ. ಪವರ್ ಆಫ್ ಮಾಡಿಸಿ, ರಿಂಗ್ ಹಿಡಿದುಕೊಂಡು ಸ್ಪಿಂಡಲ್ ಕೈಯಲ್ಲೇ ತಿರುಗಿಸಿ. ಡಯಲ್ ಮುಳ್ಳು ಒಂದೇ ಸಮ ಸರಿಯದೆ ನಿಂತು ಜಿಗಿಯುತ್ತಿದ್ದರೆ ರೇಟ್ ಕೇಳಲೇಬೇಡಿ.