ಅಪ್ಪನ ಕೈಗೆ ಟಿಎಂಎಸ್: ದುಡ್ಡು ಕಟ್ಟುವ ಮೊದಲು ಓದಿ

ಸ್ಟ್ರೋಕ್ ಆದವರ ಕೈಗೆ ಟಿಎಂಎಸ್, ಅಂದರೆ ತಲೆಯ ಮೇಲೆ ಕಾಯಿಲ್ (ತಂತಿಯ ಸುರುಳಿ) ಇಟ್ಟು ಕಾಂತದ ಪಲ್ಸ್‌ಗಳಿಂದ ಮಿದುಳನ್ನು ಪ್ರಚೋದಿಸುವ ಚಿಕಿತ್ಸೆ, ಮಾಡಿಸಬೇಕಾ? ಮಾಡಿಸಿ, ಆದರೆ ಕಾಯಿಲ್ ತೆಗೆದ ತಕ್ಷಣ ಕೈಗೆ ಕೆಲಸ ಕೊಡುವ ಕಡೆ ಮಾತ್ರ. ನಾವು ಅಪ್ಪನಿಗೆ ಮಾಡಿಸಿದ್ದು ಬೆಂಗಳೂರಿನ ಒಂದು ರಿಹ್ಯಾಬ್ ಸೆಂಟರ್‌ನಲ್ಲಿ. ಅವರ ಬಲಗೈಯಲ್ಲಿ ಶಕ್ತಿ ಸ್ವಲ್ಪ ಬಂದಿತ್ತು. ಆದರೆ ಲೋಟಕ್ಕೆ ಕೈ ಚಾಚಿದರೆ ಬೆರಳು ಬಿಚ್ಚಿಕೊಳ್ಳುತ್ತಿದ್ದುದು ಲೋಟಕ್ಕೆ ತಗುಲಿದ ಮೇಲೆ, ಅಷ್ಟರಲ್ಲಿ ನೀರು ಚೆಲ್ಲಿರುತ್ತಿತ್ತು. ಬೆರಳನ್ನು ಮೊದಲೇ ಅಗಲಿಸಿಕೊಂಡು ಹೋಗಬೇಕು ಅನ್ನುವ ಲೆಕ್ಕ ಮಿದುಳಿನಲ್ಲಿ ತಪ್ಪುತ್ತಿತ್ತು.

ಎಂಟರ ಆಕಾರದ ಕಾಯಿಲನ್ನು ತಲೆಯ ಬಲಭಾಗಕ್ಕೆ ಇಟ್ಟಾಗ ನನಗೆ ಗಾಬರಿ. ಪೆಟ್ಟಾಗಿದ್ದು ಬಲಗೈ ಆಡಿಸುವ ಎಡಭಾಗಕ್ಕೆ ಅಲ್ವಾ? ಡಾಕ್ಟರ್ ಬಿಡಿಸಿ ಹೇಳಿದರು. ಚೆನ್ನಾಗಿರುವ ಭಾಗ ಪೆಟ್ಟಾದ ಭಾಗವನ್ನು ಅದುಮಿ ಹಿಡಿಯುವುದುಂಟು, ಸೆಕೆಂಡಿಗೆ 1 ಪಲ್ಸ್‌ನಂತೆ ಕೊಟ್ಟು ಆ ಚೆನ್ನಾಗಿರುವ ಭಾಗದ ಜೋರು ತಗ್ಗಿಸುವ ಪ್ರಯತ್ನ ಇದು, ಎಲ್ಲರಿಗೂ ಕೆಲಸ ಮಾಡುತ್ತದೆ ಅಂತೇನಿಲ್ಲ. ಎಷ್ಟು ಪವರ್ ಬೇಕು ಅಂತ ನೋಡಲು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದರು. ಟಕ್ ಅಂದದ್ದೇ ಎಡಗೈ ಹೆಬ್ಬೆರಳು ಜಿಗಿಯಿತು. "ನಾನು ಆಡಿಸಲಿಲ್ಲ ಕಣೋ" ಅಂದರು ಅಪ್ಪ. ನೋವೇನಿಲ್ಲ, ನೆತ್ತಿ ಹತ್ತಿರ ಕುಟ್ಟಿದ ಹಾಗೆ ಅಷ್ಟೇ. ಶಬ್ದ ಮಾತ್ರ ಜೋರು, ಇಯರ್‌ಪ್ಲಗ್ ಕೇಳಿ ಹಾಕಿಸಿ.

ಡಾಕ್ಟರ್ ಹೇಳಿದ 1989ರ ಒಂದು ಪ್ರಯೋಗ ನನಗೆ ತುಂಬಾ ಹಿಡಿಸಿತು. ಸಿಗ್ನಲ್ ಬಂದ ಕೂಡಲೇ ಮಣಿಕಟ್ಟು ಆಡಿಸಿ ಅಂತ ಹೇಳಿ, ಆಡಿಸುವುದಕ್ಕೆ ಸ್ವಲ್ಪ ಮುಂಚೆ ತಲೆಗೆ ಒಂದು ಪಲ್ಸ್ ಕೊಟ್ಟರಂತೆ. ಕೈ ಆಡಿದ್ದು ತಡವಾಯಿತು, ಆದರೆ ಸಿದ್ಧವಾಗಿದ್ದ ರೀತಿಯಲ್ಲೇ ಆಡಿತು. ಪ್ಲಾನ್ ಅಳಿಸಿಹೋಗಿರಲಿಲ್ಲ, ಕಾಯುತ್ತಾ ಕೂತಿತ್ತು. ಯಂತ್ರದಿಂದ ಏನಾಗುತ್ತದೆ ಅನ್ನುವುದು ನನಗೆ ಆಗ ಹೊಳೆಯಿತು. ಅದು ಹೊಸ ಚಲನೆ ಕಲಿಸುವುದಿಲ್ಲ. ಕಲಿಯುವುದು ಆಮೇಲಿನ ಅಭ್ಯಾಸದಿಂದ.

ಇಲ್ಲಿ ಕಾಯಿಲ್ ತೆಗೆದ ಮೇಲೆ ಸುಮ್ನೆ ಕೂರಿಸುವುದಿಲ್ಲ. ಫಿಸಿಯೋ ಬಂದು ಲೋಟ, ಚೊಂಬು, ಬಟ್ಟೆ ಕ್ಲಿಪ್ಪು ಎಲ್ಲ ಎದುರಿಗಿಟ್ಟು, ಬೆರಳು ಬಿಚ್ಚಿದ ಮೇಲೆ ಮಾತ್ರ ಕೈ ಮುಂದೆ ಬಿಡುತ್ತಿದ್ದರು. ಇಡೀ ಸೇವೆಯಲ್ಲಿ ಬೆಲೆ ಇರುವುದು ಇದಕ್ಕೇ. ಈಗ ಅಪ್ಪ ನೀರು ತಾವೇ ಕುಡಿಯುತ್ತಾರೆ. ಅಂಗಿ ಗುಂಡಿ ಹಾಕಲು ಇನ್ನೂ ಆಗುವುದಿಲ್ಲ.

ಬೇಸರ ಕೌಂಟರ್ ಬಗ್ಗೆ. ಇಡೀ ಪ್ಯಾಕೇಜಿನ ದುಡ್ಡು ಮೊದಲೇ ಕಟ್ಟಿ ಅಂತ ಒತ್ತಾಯ, ಗ್ಯಾರಂಟಿ ಅನ್ನುವ ಮಾತು ಬೇರೆ. ಇಂಥ ಚಿಕಿತ್ಸೆಗೆ ಗ್ಯಾರಂಟಿ ಎಲ್ಲಿಂದ ಬರುತ್ತದೆ? ಡಾಕ್ಟರ್ ಜೊತೆ ಮಾತಾಡದೆ ರಸೀದಿ ಮಾಡಿಸಬೇಡಿ. ಪೇಸ್‌ಮೇಕರ್, ತಲೆಯೊಳಗೆ ಲೋಹದ ಕ್ಲಿಪ್, ಹಿಂದೆ ಫಿಟ್ಸ್ ಬಂದದ್ದು, ಇವುಗಳಲ್ಲಿ ಯಾವುದೇ ಇದ್ದರೂ ಅವರು ಕೇಳುವ ಮುಂಚೆ ನೀವೇ ಹೇಳಿ.