ಒಡೆದ ಗೀಸರನ್ನು ಕಂಪನಿಯವರ ಕೈಗೆ ಕೊಡಬೇಡಿ

ವಿದ್ಯುತ್ ಉಪಕರಣದ ದೋಷದಿಂದ ನಿಮ್ಮ ಮನೆಯಲ್ಲಿ ಯಾರಿಗಾದರೂ ಗಾಯವಾದರೆ, ಆ ಉಪಕರಣ ಮನೆಯ ಹೊಸ್ತಿಲು ದಾಟದಂತೆ ನೋಡಿಕೊಳ್ಳಿ. ಹಾಸನದಲ್ಲಿರುವ ನಮ್ಮ ಅತ್ತೆಯವರಿಗೆ ಆದದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿರುವುದು ಈ ಒಂದು ಮಾತಿಗಾಗಿ.

ಅವರ ಬಚ್ಚಲುಮನೆಯಲ್ಲಿದ್ದುದು 15 ಲೀಟರಿನ ಗೀಸರ್. ವಾರಂಟಿ ಇನ್ನೂ ಮುಗಿದಿರಲಿಲ್ಲ. ಅದನ್ನು ಗೋಡೆಗೆ ಕೂರಿಸಿ ಪೈಪು ಜೋಡಿಸಿದವರೂ ಕಂಪನಿಯ ಸರ್ವಿಸ್‌ನವರೇ. ಚಳಿಗಾಲದ ಒಂದು ಬೆಳಿಗ್ಗೆ ಅದರ ಟ್ಯಾಂಕು ಕೆಳಭಾಗದಲ್ಲಿ ಒಡೆದು, ಕುದಿಯುವ ನೀರು ಅತ್ತೆಯವರ ಬೆನ್ನಿನ ಮೇಲೂ ಬಲತೋಳಿನ ಮೇಲೂ ಸುರಿಯಿತು. ಮಾವನವರು ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ ವಿಷಯ ತಿಳಿಸಿದರು. ಮರುದಿನವೇ ಬಂದ ಇಬ್ಬರು ಬಹಳ ವಿನಯದಿಂದ, "ಹೊಸ ಗೀಸರ್ ಉಚಿತವಾಗಿ ಹಾಕಿಕೊಡುತ್ತೇವೆ ಸಾರ್, ಹಳೆಯದನ್ನು ಪರೀಕ್ಷೆಗೆ ಕಳುಹಿಸಬೇಕು, ಇಲ್ಲೊಂದು ಸಹಿ ಹಾಕಿ" ಎಂದರು. ಆಸ್ಪತ್ರೆಗೆ ಊಟ ಒಯ್ಯಲು ಹೊರಟಿದ್ದ ಮಾವನವರು ಸಹಿ ಹಾಕಿದರು. ಆ ಜಾಬ್ ಶೀಟಿನ ಅಡಿಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಬದಲಿ ಉಪಕರಣ ಪಡೆದು ತೃಪ್ತನಾಗಿದ್ದೇನೆ, ಈ ಸಂಬಂಧ ಇನ್ನಾವ ಬೇಡಿಕೆಯೂ ಇಲ್ಲ ಎಂದು ಅಚ್ಚಾಗಿತ್ತು. ಹೆಂಡತಿ ಸುಟ್ಟ ಗಾಯಗಳಿಂದ ನರಳುತ್ತಿರುವ ವ್ಯಕ್ತಿಯಿಂದ ಹೀಗೆ ಸಹಿ ಪಡೆಯುವುದು ನನ್ನ ದೃಷ್ಟಿಯಲ್ಲಿ ವಂಚನೆಗಿಂತ ಕಡಿಮೆಯದಲ್ಲ.

ಚಿಕಿತ್ಸೆಯ ವೆಚ್ಚ ಮತ್ತು ಪರಿಹಾರ ಕೇಳಿ ನಾವು ಬರೆದ ಪತ್ರಕ್ಕೆ ಬಂದ ಉತ್ತರದಲ್ಲಿ ಆ ಸಹಿಯೇ ಮೊದಲ ಅಸ್ತ್ರವಾಗಿತ್ತು. ಬೋರ್‌ವೆಲ್ಲಿನ ಗಡಸು ನೀರಿನಿಂದ ಸುರಕ್ಷತಾ ವಾಲ್ವ್ ಕಟ್ಟಿಕೊಂಡಿತ್ತು, ಆದ್ದರಿಂದ ತಪ್ಪು ಬಳಕೆದಾರರದು ಎಂಬುದು ಎರಡನೆಯದು. ಡಿಸ್ಚಾರ್ಜ್ ಪತ್ರದಲ್ಲಿ ಬಿಸಿನೀರಿನಿಂದಾದ ಸುಟ್ಟಗಾಯ ಎಂದಷ್ಟೇ ಇದೆ, ಗೀಸರಿನ ಹೆಸರಿಲ್ಲ ಎಂಬುದು ಮೂರನೆಯದು. ಹಳೆಯ ಗೀಸರನ್ನು ಹಿಂದಿರುಗಿಸಿ ಎಂದು ಕೇಳಿದಾಗ, ಅದನ್ನು ಗುಜರಿಗೆ ಹಾಕಲಾಗಿದೆ ಎಂದರು.

ಗಡಸು ನೀರಿನ ವಾದವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಇದನ್ನು ಯಾರ ಮೇಲೆ ಬೇಕಾದರೂ ಹೊರಿಸಬಹುದು. ಟ್ಯಾಂಕ್ ಇರುವ ಗೀಸರಿನಲ್ಲಿ ನೀರು ನಿಗದಿತ ಬಿಸಿಗೆ ಬಂದಾಗ ಥರ್ಮೋಸ್ಟಾಟ್ ವಿದ್ಯುತ್ತನ್ನು ನಿಲ್ಲಿಸುತ್ತದೆ. ಅದು ಕೆಟ್ಟು ಬಿಸಿ ಏರುತ್ತಲೇ ಹೋದರೆ ಥರ್ಮಲ್ ಕಟ್‌ಔಟ್ ಸಂಪರ್ಕವನ್ನೇ ಕಡಿಯಬೇಕು. ಅಷ್ಟಾದ ಮೇಲೂ ಒತ್ತಡ ಹೆಚ್ಚಿದರೆ ವಾಲ್ವ್ ಅದನ್ನು ಹೊರಬಿಡಬೇಕು. ಸುಣ್ಣದಂಥ ಪದರ ಕಟ್ಟಿ ವಾಲ್ವ್ ಮುಚ್ಚಿಹೋಗುವುದು ನಿಜವಾದರೂ, ಕಟ್‌ಔಟ್ ಏಕೆ ಕೆಲಸ ಮಾಡಲಿಲ್ಲ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದಕ್ಕೆ ಉತ್ತರ ಇದ್ದುದು ಗುಜರಿಗೆ ಹೋದ ಆ ಪೆಟ್ಟಿಗೆಯೊಳಗೆ ಮಾತ್ರ.

ಕಾನೂನು ನಮ್ಮ ಪರವಾಗಿ ದುರ್ಬಲವಾಗಿಲ್ಲ ಎಂಬುದು ಈ ಪ್ರಕರಣದಲ್ಲಿ ಹೆಚ್ಚು ನೋವಿನ ಸಂಗತಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವಿದ್ದು, 84ನೇ ಕಲಮಿನ ಪ್ರಕಾರ ತಯಾರಿಕೆಯ ದೋಷ, ವಿನ್ಯಾಸದ ದೋಷ, ಸರಿಯಾದ ಬಳಕೆಯ ಸೂಚನೆ ಅಥವಾ ಎಚ್ಚರಿಕೆ ಕೊಡದಿರುವುದು, ಇವುಗಳಿಂದ ಹಾನಿಯಾದರೆ ತಯಾರಕನೇ ಹೊಣೆ. ಅಂದರೆ ಗಡಸು ನೀರು ಅಷ್ಟು ಅಪಾಯಕಾರಿಯಾಗಿದ್ದರೆ ಅದನ್ನು ಕೈಪಿಡಿಯಲ್ಲಿ ಸ್ಪಷ್ಟವಾಗಿ ಏಕೆ ತಿಳಿಸಲಿಲ್ಲ ಎಂದು ಕಂಪನಿಯನ್ನೇ ಕೇಳಬಹುದು. ಆದ್ದರಿಂದ ಕೈಪಿಡಿಯನ್ನೂ ಎಸೆಯಬೇಡಿ. ಹಾನಿಯ ವ್ಯಾಖ್ಯೆಯಲ್ಲಿ ದೇಹಕ್ಕಾದ ಗಾಯವೂ ಅದರ ಜೊತೆಗಿನ ಮಾನಸಿಕ ವೇದನೆಯೂ ಸೇರಿವೆ, ಆದರೆ ಉಪಕರಣಕ್ಕೇ ಆದ ಹಾನಿ ಸೇರಿಲ್ಲ. ಹೊಸ ಗೀಸರ್ ಕೊಟ್ಟದ್ದು ಗಾಯಕ್ಕೆ ಕೊಟ್ಟ ಪರಿಹಾರವಲ್ಲ ಎಂದು ನಮ್ಮ ವಕೀಲರು ವಾದಿಸುತ್ತಿರುವುದು ಇದರ ಆಧಾರದ ಮೇಲೆ.

ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಧರಿಸಲು ಆಗದಿದ್ದಲ್ಲಿ, ಜಿಲ್ಲಾ ಗ್ರಾಹಕ ಆಯೋಗವು 38ನೇ ಕಲಮಿನಡಿ ವಸ್ತುವಿನ ಮಾದರಿಯನ್ನು ಮೊಹರು ಮಾಡಿ ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಬಹುದು. ನಮ್ಮ ದೂರಿನಲ್ಲಿ ಕಳುಹಿಸಲು ವಸ್ತುವೇ ಇಲ್ಲ. ಪಕ್ಕದ ಮನೆಯ ಹುಡುಗ ಅಂದು ಮೊಬೈಲಿನಲ್ಲಿ ತೆಗೆದಿಟ್ಟಿದ್ದ ಚಿತ್ರಗಳೇ ಈಗ ನಮ್ಮ ಮುಖ್ಯ ಸಾಕ್ಷ್ಯ. ವಿಚಾರಣೆ ಇನ್ನೂ ನಡೆಯುತ್ತಿದೆ.

ಹಾಗಾಗಿ, ಇಂಥ ಅವಘಡವಾದ ಕೂಡಲೇ ಮೇನ್ ಸ್ವಿಚ್ ಆರಿಸಿ, ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿ, ಗಾಯ ಯಾವುದರಿಂದ ಆಯಿತು ಎಂಬುದನ್ನು ಉಪಕರಣದ ಹೆಸರಿನೊಂದಿಗೆ ದಾಖಲಿಸುವಂತೆ ವೈದ್ಯರನ್ನು ಕೇಳಿಕೊಳ್ಳಿ. ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸಬೇಕಾದ ಪ್ರಕರಣವೆಂದು ಆಸ್ಪತ್ರೆಯವರು ಮಾಡುವ ದಾಖಲೆ, ಮಾಡಿಸಲು ಹಿಂಜರಿಯಬೇಡಿ. ಪೊಲೀಸ್ ಠಾಣೆಗೆ ದೂರು ಕೊಟ್ಟು ಸ್ಥಳ ಮಹಜರಿಗೆ ಒತ್ತಾಯಿಸಿ. ಉಪಕರಣ, ಪ್ಲಗ್, ಸಾಕೆಟ್, ಒಡೆದ ಚೂರುಗಳು, ಐಎಸ್‌ಐ ಗುರುತು ಮತ್ತು ಸೀರಿಯಲ್ ಸಂಖ್ಯೆ, ಎಲ್ಲದರ ಚಿತ್ರ ತೆಗೆದಿಡಿ. ಪರಿಚಯದ ಎಲೆಕ್ಟ್ರಿಷಿಯನ್‌ನಿಂದಲೂ ಅದನ್ನು ಬಿಚ್ಚಿಸಬೇಡಿ, ಏಕೆಂದರೆ ಉಪಕರಣವನ್ನು ಮಾರ್ಪಾಡು ಮಾಡಲಾಗಿತ್ತು ಎಂಬ ವಾದಕ್ಕೆ ಅದು ದಾರಿಮಾಡಿಕೊಡುತ್ತದೆ. ಕಂಪನಿಯವರು ಪರೀಕ್ಷಿಸಲೇಬೇಕೆಂದರೆ ನಿಮ್ಮ ಮನೆಯಲ್ಲೇ, ನಿಮ್ಮ ಎದುರಿನಲ್ಲೇ ನೋಡಿಕೊಂಡು ಹೋಗಲಿ. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ, ಅವರ ಟ್ಯಾಬಿಗೆ ಬೆರಳೂ ಒತ್ತಬೇಡಿ, ಒಟಿಪಿಯನ್ನೂ ಹೇಳಬೇಡಿ.

ಖರ್ಚಿನ ಭಯದಿಂದ ಸುಮ್ಮನಾಗುವವರಿಗೆ ಇದೂ ತಿಳಿದಿರಲಿ: ಆಯೋಗದ ಶುಲ್ಕ ನಿರ್ಧಾರವಾಗುವುದು ನೀವು ಕೇಳುವ ಪರಿಹಾರದ ಮೇಲಲ್ಲ, ವಸ್ತುವಿಗೆ ಕೊಟ್ಟ ಬೆಲೆಯ ಮೇಲೆ. ಆ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೇ ಇಲ್ಲ. ಕಂಪನಿಯ ಕಚೇರಿ ಮುಂಬಯಿಯಲ್ಲಿರಲಿ, ದೆಹಲಿಯಲ್ಲಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರಿಲ್ಲದೆ ನೀವೇ ವಾದಿಸಲೂಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರಿಗೆ ಕಾರಣವಾದ ಘಟನೆ ನಡೆದು 2 ವರ್ಷದೊಳಗೆ ಆಯೋಗದ ಮುಂದೆ ದೂರು ಇರಬೇಕು; ವಿಳಂಬಕ್ಕೆ ಸಕಾರಣವಿದ್ದರೆ ಆಯೋಗ ಮನ್ನಿಸಬಹುದಾದರೂ, ನಿಮ್ಮ ಮನವಿ ಪರಿಶೀಲನೆಯಲ್ಲಿದೆ ಎಂದು ಕಂಪನಿ ಕಳುಹಿಸುವ ಪತ್ರಗಳನ್ನು ನಂಬಿ ಆ ಅವಧಿಯನ್ನು ಕಳೆಯಬೇಡಿ.